ಪೂಲ್ ಕ್ಯೂ ಹಿಡಿಗೆ ಹೊಸ ಸುತ್ತು: ನೈಲಾನ್ ಬಿಚ್ಚಿ ಅಗಸೆ ದಾರ ಸುತ್ತಿದ್ದು

ಪೂಲ್ ಅಂದರೆ ಟೇಬಲ್ ಮೇಲೆ ಬಾಲ್‌ಗಳನ್ನು ಪಾಕೆಟ್‌ಗೆ ಬೀಳಿಸುವ ಆಟ, ಕ್ಯೂ ಅಂದರೆ ಬಾಲ್ ಹೊಡೆಯುವ ಕೋಲು. ನನ್ನ ಪೂಲ್ ಕ್ಯೂ ಹಿಡಿಗೆ ಸುತ್ತಿದ್ದ ನೈಲಾನ್ ದಾರ ಬಿಚ್ಚಿಕೊಳ್ಳಲು ಶುರುವಾಗಿದ್ದು ಜೂನ್ ತಿಂಗಳಲ್ಲಿ. ಮೊದಲು ಒಂದೇ ಒಂದು ಎಳೆ ಮೇಲೆದ್ದಿತ್ತು. ಉಗುರು ಕತ್ತರಿಸುವ ಕಟ್ಟರ್‌ನಿಂದ ಅದನ್ನು ಕತ್ತರಿಸಿ ಹಾಕಿದೆ. ಹಾಗೆ ಮಾಡಬಾರದಿತ್ತು. ನೈಲಾನ್ ದಾರದ ಸುತ್ತು ನಿಂತಿರುವುದೇ ಬಿಗಿತದ ಮೇಲೆ. ಒಂದು ಕಡೆ ಕತ್ತರಿಸಿದರೆ ಪಕ್ಕದ ಸುತ್ತು ಸಡಿಲ ಆಗುತ್ತದೆ, ಆಮೇಲೆ ಅದರ ಪಕ್ಕದ್ದು. ಜುಲೈ ಮುಗಿಯುವಷ್ಟರಲ್ಲಿ ಹಿಡಿಯ ಹಿಂಭಾಗದಲ್ಲಿ ಮೂರು ಬೆರಳಿನಷ್ಟು ಮರ ಕಾಣಿಸುತ್ತಿತ್ತು.

ನಾನು ಆಡುವುದು ಬೆಂಗಳೂರಿನ ರಾಜಾಜಿನಗರದ ಒಂದು ಮೊದಲನೇ ಮಹಡಿಯ ಜಾಗದಲ್ಲಿ. ಅಲ್ಲಿ ಎಸಿ ಇಲ್ಲ, ಎರಡು ಫ್ಯಾನ್ ಇವೆ ಅಷ್ಟೇ. ಮಳೆಗಾಲದ ಸಂಜೆ ಕಿಟಕಿ ಮುಚ್ಚಿದರೆ ಹತ್ತು ನಿಮಿಷಕ್ಕೆ ಅಂಗೈ ಒದ್ದೆ. ನೈಲಾನ್ ಬೆವರನ್ನು ಹೀರಿಕೊಳ್ಳುವುದಿಲ್ಲ, ಮೇಲೆಯೇ ಇಟ್ಟುಕೊಳ್ಳುತ್ತದೆ. ಹಿಡಿ ಜಾರುತ್ತದೆ ಅನ್ನಿಸಿದ ತಕ್ಷಣ ಕೈ ತಾನಾಗಿಯೇ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದರೆ ಮಣಿಕಟ್ಟು ಗಟ್ಟಿಯಾಗುತ್ತದೆ, ಕ್ಯೂ ಮುಂದೆ ಹೋಗುವಾಗ ಟಿಪ್ (ಬಾಲ್‌ಗೆ ತಾಗುವ ತುದಿ) ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗುತ್ತದೆ. ಒಂಬತ್ತು ಅಡಿ ಟೇಬಲ್‌ನ ಆ ತುದಿಗೆ ಹೋಗುವಷ್ಟರಲ್ಲಿ ಆ ಕೂದಲೆಳೆ ಅರ್ಧ ಬಾಲ್ ಆಗಿರುತ್ತದೆ. ಉಡದ ಪಟ್ಟು ಅನ್ನುತ್ತೇವಲ್ಲ, ಕ್ಯೂಗೆ ಆ ಪಟ್ಟು ಬೇಡವೇ ಬೇಡ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗದಷ್ಟು ಮೃದುವಾಗಿ ಹಿಡಿಯಬೇಕು. ಹಾಗಾಗಿ ಹೊಸ ಸುತ್ತು ಆರಿಸುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಕೈ ಬೆವರಿದಾಗಲೂ ಇದನ್ನು ಸಡಿಲವಾಗಿ ಹಿಡಿಯುವ ಧೈರ್ಯ ಬರುತ್ತದಾ? ಬಣ್ಣ, ಅಂದ ಎಲ್ಲ ಆಮೇಲೆ.

ಇಲ್ಲಿ ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ನಾನು ಮೊದಲು ಕಲಿತದ್ದು ಸ್ನೂಕರ್, ಕ್ಯೂನಲ್ಲೇ ಆಡುವ ಇನ್ನೊಂದು ಟೇಬಲ್ ಆಟ. ಬೆಂಗಳೂರಿನಲ್ಲಿ ಬಹಳ ಜನರ ಕಥೆ ಇದೇ. ಇಲ್ಲೇ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, 18ನೇ ವಯಸ್ಸಿಗೆ, ಹವ್ಯಾಸಿಗಳ ವಿಶ್ವ ಸ್ನೂಕರ್ ಕಿರೀಟ ಗೆದ್ದ ಮೇಲೆ ಎಷ್ಟೋ ಹುಡುಗರು ಕ್ಯೂ ಹಿಡಿದರು, ನಾನೂ ಒಬ್ಬ. ಸ್ನೂಕರ್ ಕ್ಯೂಗೆ ಸುತ್ತು ಅಂತ ಇರುವುದಿಲ್ಲ. ಬರೀ ಮರ, ಅದರ ಮೇಲೆ ಎಣ್ಣೆಯದೋ ವಾರ್ನಿಶ್‌ನದೋ ತೆಳು ಲೇಪ. ಅದಕ್ಕೇ ಪೂಲ್‌ಗೆ ಬಂದಾಗ ಹಿಡಿಯಲ್ಲಿ ದಾರ ಸಿಕ್ಕಿದ್ದು ನನಗೆ ಹೊಸದು. ನೈಲಾನ್ ಕಿತ್ತುಹಾಕಿ ಬರೀ ಮರವನ್ನೇ ಹಿಡಿದರಾಯಿತು ಅಂತ ಮೊದಲು ಅನ್ನಿಸಿತ್ತು. ಆದರೆ ಸುತ್ತು ಇರುವ ಕ್ಯೂನಲ್ಲಿ ಆ ಒಂದಡಿ ಜಾಗವನ್ನು ಕಡೆದು ತಗ್ಗು ಮಾಡಿರುತ್ತಾರೆ. ಸುತ್ತು ತೆಗೆದರೆ ಎರಡೂ ತುದಿಯಲ್ಲಿ ಅಂಚು ಕೈಗೆ ತಾಗುತ್ತದೆ, ಒಳಗಿನ ಮರಕ್ಕೆ ಪಾಲಿಶ್ ಕೂಡ ಇರುವುದಿಲ್ಲ. ಆ ತಗ್ಗನ್ನು ಮರದಿಂದಲೇ ತುಂಬಿಸಬೇಕೆಂದರೆ ಲೇತ್ ಬೇಕು. ನನ್ನ ಹತ್ತಿರ ಇರುವುದು ಊಟದ ಮೇಜು ಮತ್ತು ಭಾನುವಾರಗಳು.

ಮೊದಲ ಭಾನುವಾರ ಹಳೆಯದನ್ನು ಬಿಚ್ಚಿದೆ. ಇದು ಸುಲಭ ಅಂದುಕೊಂಡು ಅವಸರ ಮಾಡಬೇಡಿ. ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಎಳೆದರೆ ದಾರವೆಲ್ಲ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ, ನಿಜ. ಅದೇ ಬ್ಲೇಡು ಮರಕ್ಕೂ ಇಳಿಯುತ್ತದೆ. ನಾನು ತುದಿ ಹುಡುಕಿ ಒಂದೊಂದೇ ಸುತ್ತು ಬಿಚ್ಚಿದೆ. ಕಾಲು ಗಂಟೆ ಹಿಡಿಯಿತು. ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಅಂಟು ಇತ್ತು, ಬಿಳಿ ಫೆವಿಕಾಲ್ ಜಾತಿಯದು. ಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಸುತ್ತಿಟ್ಟರೆ ಆ ಅಂಟು ಮೆತ್ತಗಾಗಿ, ಹಳೇ ಎಟಿಎಂ ಕಾರ್ಡಿನ ಅಂಚಿಗೆ ಎದ್ದು ಬರುತ್ತದೆ. ನೀರು ಸುರಿಯಬಾರದು, ಮರ ಉಬ್ಬುತ್ತದೆ. ಕೊನೆಗೆ 320 ನಂಬರಿನ ಉಪ್ಪು ಕಾಗದ ಹಗುರಾಗಿ ಒಂದು ಸಲ ಆಡಿಸಿ, ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟೆ.

ಆಮೇಲೆ ವರ್ನಿಯರ್ ಹಿಡಿದು ಅಳೆದೆ. ಮುಂದೆ ಹೇಳುವ ಎಲ್ಲದಕ್ಕೂ ಈ ಅಳತೆಯೇ ಆಧಾರ. ತಗ್ಗಿನ ಉದ್ದ 30 ಸೆಂ.ಮೀ. ಜಾಯಿಂಟ್ (ಕ್ಯೂನ ಎರಡು ಭಾಗ ಸೇರುವ ಜಾಗ) ಕಡೆ ತಗ್ಗಿನ ವ್ಯಾಸ 27.8 ಮಿ.ಮೀ, ಬಟ್ (ಹಿಂತುದಿ) ಕಡೆ 30.2 ಮಿ.ಮೀ. ಅಂಚಿನ ಎತ್ತರ 0.65 ಮಿ.ಮೀ. ಅಂದರೆ ನಾನು ಏನೇ ಸುತ್ತಿದರೂ ಕೊನೆಗೆ ಅದರ ದಪ್ಪ ಮುಕ್ಕಾಲು ಮಿ.ಮೀ ಒಳಗೆ ಇರಬೇಕು. ಜಾಸ್ತಿಯಾದರೆ ಹಿಡಿ ಉಬ್ಬಿ ಅಂಚಲ್ಲಿ ಮೆಟ್ಟಿಲಾಗುತ್ತದೆ. ಬಿಚ್ಚಿದ ನೈಲಾನ್ ತೂಕ ಅಡುಗೆಮನೆಯ ತಕ್ಕಡಿಯಲ್ಲಿ 13 ಗ್ರಾಂ ತೋರಿಸಿತು. ಅದನ್ನೂ ಬರೆದಿಟ್ಟುಕೊಂಡೆ.

ಯಾವುದನ್ನು ಸುತ್ತುವುದು ಅಂತ ತೀರ್ಮಾನಿಸಲು ಕ್ಯೂ ಮೇಲೆಯೇ ಪ್ರಯೋಗ ಮಾಡುವ ಮನಸ್ಸಾಗಲಿಲ್ಲ. ಮನೆಯಲ್ಲಿ ಹಳೇ ಮಾಪ್ ಕೋಲು ಇತ್ತು, ಮರದ್ದು, ಕ್ಯೂ ಹಿಡಿಗಿಂತ ಸ್ವಲ್ಪ ಸಣ್ಣ. ಅದರ ಮೇಲೆ ಒಂದೊಂದು ಗೇಣಿಗೆ ಒಂದೊಂದು ವಸ್ತು ಸುತ್ತಿದೆ: ಹತ್ತಿ ದಾರ, ಬ್ಯಾಡ್ಮಿಂಟನ್ ಗ್ರಿಪ್, ರಬ್ಬರ್ ತೋಳು, ಮೇಕೆ ಚರ್ಮ, ಅಗಸೆ ನಾರಿನ ದಾರ. ಪರೀಕ್ಷೆ ಹೀಗೆ: ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಹಾಕಿ, ಅಂಗೈಗೆ ಚಿಮುಕಿಸಿಕೊಂಡು, ಕೋಲನ್ನು ಕ್ಯೂ ತರಹವೇ ಐವತ್ತು ಸಲ ಹಿಂದೆ ಮುಂದೆ ಆಡಿಸುವುದು. ಮನೆಯವರು ಟಿವಿ ನೋಡುತ್ತಿದ್ದಾಗ ಹಾಲ್‌ನಲ್ಲಿ ನಿಂತು ಮೂರು ಸಂಜೆ ಇದನ್ನೇ ಮಾಡಿದೆ. ತಂಗಿಯ ಕೈಗೂ ಕೊಟ್ಟೆ, ಅವಳೂ ಪೂಲ್ ಆಡುತ್ತಾಳೆ. ಅವಳ ಕೈ ಬೇಸಿಗೆಯಲ್ಲೂ ಒಣಗಿರುತ್ತದೆ, ನನ್ನದು ಚಳಿಗಾಲದಲ್ಲೂ ಒದ್ದೆ. ಹಾಗಾಗಿ ಒಂದೇ ಕೋಲಿನ ಮೇಲೆ ಎರಡು ಥರದ ಕೈಗಳ ಪರೀಕ್ಷೆ ಆದಂತಾಯಿತು.

ಹತ್ತಿ ದಾರ ಮೊದಲ ಸಂಜೆಯೇ ಹೊರಬಿತ್ತು. ಕೈಗೆ ಹಿತವೇನೋ ಹೌದು, ನೀರು ಚೆನ್ನಾಗಿ ಹೀರುತ್ತದೆ. ಆದರೆ ಉಜ್ಜಿದ ಕಡೆಯೆಲ್ಲ ನವಿರು ಎದ್ದು ಹಳೇ ಟವೆಲ್ ಥರ ಆಯಿತು, ಟಿಪ್‌ಗೆ ಹಚ್ಚುವ ಚಾಕ್‌ನ ನೀಲಿ ತಾಗಿದ ಜಾಗ ಮತ್ತೆ ಬೆಳ್ಳಗಾಗಲೇ ಇಲ್ಲ.

ಬ್ಯಾಡ್ಮಿಂಟನ್ ಗ್ರಿಪ್ ಬಗ್ಗೆ ತುಂಬಾ ಜನ ಹೇಳುತ್ತಾರೆ, ಯಾಕಂದರೆ ಅದು ಎಲ್ಲ ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಬೆವರಿಗೂ ಒಳ್ಳೆಯದು. ನನ್ನ ತಕರಾರು ಬೇರೆ. ಅದು ಅಂಟಂಟು. ಕ್ಯೂ ಹಿಂದಕ್ಕೆ ಎಳೆಯುವಾಗ ಹಿಂಬದಿಯ ಬೆರಳುಗಳು ತೆರೆದುಕೊಳ್ಳಬೇಕು, ಮುಂದೆ ಬರುವಾಗ ಮತ್ತೆ ಮುಚ್ಚಿಕೊಳ್ಳಬೇಕು. ಅಂಟುವ ಗ್ರಿಪ್ ಆ ಬೆರಳುಗಳನ್ನು ಬಿಡುವುದೇ ಇಲ್ಲ. ರಾಕೆಟ್‌ನಲ್ಲಿ ಇದು ಗುಣ, ಕ್ಯೂನಲ್ಲಿ ದೋಷ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಾನು ತಂದದ್ದರ ಅಗಲ 25 ಮಿ.ಮೀ, ಉದ್ದ 110 ಸೆಂ.ಮೀ. ಪ್ರತಿ ಸುತ್ತಿಗೂ 5 ಮಿ.ಮೀ ಒಂದರ ಮೇಲೊಂದು ಕೂರಿಸಿದರೆ ನನ್ನ ಹಿಡಿಯಲ್ಲಿ 24 ಸೆಂ.ಮೀ ಮಾತ್ರ ಮುಚ್ಚುತ್ತದೆ. ಇನ್ನೂ 6 ಸೆಂ.ಮೀ ಬರಿದು. ಎರಡನೇ ಗ್ರಿಪ್ ಜೋಡಿಸಿದರೆ ನಡುವೆ ಒಂದು ಗಂಟು.

ರಬ್ಬರ್ ತೋಳು ಅಂದರೆ ಕ್ಯೂ ಹಿಂಬದಿಯಿಂದ ಏರಿಸುವ ಕೊಳವೆ. ಕೈಗೆ ಒಳ್ಳೆಯ ಹಿಡಿತ, ತೊಳೆಯಬಹುದು, ತಗ್ಗು ಇರಲಿ ಬಿಡಲಿ ಕೂರುತ್ತದೆ. ಆದರೆ ತೂಕ 48 ಗ್ರಾಂ. ನನ್ನ ಕ್ಯೂ ತೂಕ 560 ಗ್ರಾಂ, ಅಂದರೆ ಸುಮಾರು 20 ಔನ್ಸ್, ಸಮತೋಲದ ಬಿಂದು ಹಿಂತುದಿಯಿಂದ 19 ಇಂಚಿಗೆ. ರಬ್ಬರ್ ಏರಿಸಿ ಬೆರಳ ಮೇಲೆ ಇಟ್ಟು ನೋಡಿದರೆ ಬಿಂದು ಅರ್ಧ ಇಂಚಿಗೂ ಸ್ವಲ್ಪ ಜಾಸ್ತಿ ಹಿಂದಕ್ಕೆ ಸರಿದಿತ್ತು. ಕೇಳಲು ಸಣ್ಣ ವಿಷಯ. ಆದರೆ ಟೇಬಲ್ ಮೇಲೆ ಊರಿ ಕ್ಯೂಗೆ ಆಸರೆ ಕೊಡುವ ಮುಂದಿನ ಕೈಯ ಸೇತುವೆ ಮೇಲೆ ಕ್ಯೂ ಹಗುರಾಗಿಬಿಟ್ಟಿತು, ಟಿಪ್ ಮೇಲಕ್ಕೆ ತೇಲಿದ ಹಾಗೆ. ಈ ಕ್ಯೂ ಮೇಲೆ ಆರು ವರ್ಷ ಕೈ ಪಳಗಿಸಿದ್ದೇನೆ. ಹಿಡಿ ಸರಿಮಾಡಲು ಹೋಗಿ ಅದನ್ನು ಕಳೆದುಕೊಳ್ಳುವುದಾ? ಬೇಡ ಅನ್ನಿಸಿತು.

ಬಿಸಿ ಗಾಳಿಗೆ ಕುಗ್ಗುವ ಕೊಳವೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದು ವೈರ್‌ಗೆ ಹಾಕುವ ನುಣುಪು ಪ್ಲಾಸ್ಟಿಕ್. ಒದ್ದೆ ಕೈಗೆ ನೈಲಾನ್‌ಗಿಂತ ಕೆಟ್ಟದ್ದು. ಜೊತೆಗೆ ಹಾಟ್ ಏರ್ ಗನ್‌ನ ಶಾಖ ಕ್ಯೂ ಪಾಲಿಶ್‌ಗೆ ಒಳ್ಳೆಯದಲ್ಲ. ಅದನ್ನು ಕೋಲಿಗೂ ಹಾಕಲಿಲ್ಲ.

ಇನ್ನು ಉಳಿದದ್ದು ಚರ್ಮ ಮತ್ತು ಅಗಸೆ ದಾರ. ಇಲ್ಲಿ ನಾನು ನಿಜಕ್ಕೂ ಒದ್ದಾಡಿದೆ.

ಮೇಕೆ ಚರ್ಮದ ತುಂಡು ತಂದದ್ದು ಶಿವಾಜಿನಗರದಿಂದ, ದಪ್ಪ 0.8 ಮಿ.ಮೀ. ಮೊದಲ ಸ್ಪರ್ಶಕ್ಕೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಸಣ್ಣ ಸಣ್ಣ ಕಾಳು ಕಾಳಾದ ಮೈ, ಬೆಚ್ಚಗೆ, ಕೈಯೊಳಗೆ ಯಾರದೋ ಕೈ ಇಟ್ಟ ಹಾಗೆ. ತಂಗಿ ಕೋಲು ಹಿಡಿದವಳು ಚರ್ಮದ ಭಾಗದಿಂದ ಕೈ ತೆಗೆಯಲೇ ಇಲ್ಲ. “ಅಣ್ಣಾ, ಸುಮ್ನೆ ಇದನ್ನೇ ಹಾಕೋ, ಇನ್ನೇನು ಹುಡುಕ್ತೀಯಾ?” ಅಂದಳು. ಉಪ್ಪು ನೀರು ಚಿಮುಕಿಸಿಕೊಂಡು ನಾನು ಹಿಡಿದಾಗ ಕಥೆ ಬದಲಾಯಿತು. ಚರ್ಮದ ಮೇಲೆ ನೀರು ನಿಂತಿತು, ಇಪ್ಪತ್ತನೇ ಸಲ ಆಡಿಸುವಷ್ಟರಲ್ಲಿ ಒಂದು ಕ್ಷಣ ಅಂಟಿ ಇನ್ನೊಂದು ಕ್ಷಣ ಜಾರಲು ಶುರುವಾಯಿತು. ಪದೇ ಪದೇ ಒರೆಸಿದರೆ ಸರಿ. ಆದರೆ ಆಟದ ಮಧ್ಯೆ ನಾನು ಬಟ್ಟೆ ಹುಡುಕುವವನಲ್ಲ.

ಚರ್ಮದ ಮಾತು ಬಂದಾಗ ಒಂದು ವಿಷಯ. ಹೊರದೇಶದ ದುಬಾರಿ ಕ್ಯೂಗಳಲ್ಲಿ ಹಲ್ಲಿ ಜಾತಿಯ ಚರ್ಮದ ಹಿಡಿ ಇರುತ್ತದೆ. ಅದನ್ನು ನೋಡಿ ಇಲ್ಲಿ ಉಡದ ಚರ್ಮ ಹುಡುಕಲು ದಯವಿಟ್ಟು ಹೋಗಬೇಡಿ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ. ಅದನ್ನು ಕೊಲ್ಲುವುದು, ಅದರ ಚರ್ಮ ಮಾರುವುದು, ಕೊಳ್ಳುವುದು ಎಲ್ಲ ಅಪರಾಧ. ಯಾವ ಆಟಕ್ಕೂ ಅಷ್ಟು ಬೆಲೆ ಇಲ್ಲ.

ಅಗಸೆ ದಾರ ಮೊದಲು ಮುಟ್ಟಿದಾಗ ಒರಟು. ತಂಗಿ ಮುಖ ಸಿಂಡರಿಸಿದಳು. ಆದರೆ ಒದ್ದೆ ಕೈಯಲ್ಲಿ ಐವತ್ತು ಸಲ ಆಡಿಸಿದರೂ ಅದರ ಗುಣ ಬದಲಾಗಲಿಲ್ಲ. ನೀರು ಒಳಗೆ ಹೋಯಿತು, ಮೇಲ್ಮೈ ಹಾಗೇ ಇತ್ತು. ನಾನು ಬೆರಳುಗಳನ್ನು ಬಿಟ್ಟು ಬಿಟ್ಟು ಹಿಡಿಯುತ್ತಿದ್ದೇನೆ ಅನ್ನುವುದು ಮೂರನೇ ಸಂಜೆ ಗಮನಕ್ಕೆ ಬಂತು, ನಾನಾಗಿ ನೆನಪಿಸಿಕೊಂಡದ್ದಲ್ಲ, ಕೈ ತಾನಾಗಿಯೇ ಮಾಡುತ್ತಿತ್ತು. ಅಲ್ಲಿಗೆ ತೀರ್ಮಾನ ಆಯಿತು.

ಅಗಸೆ ಅಂದರೆ ಗೊತ್ತಲ್ಲ, ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿ ಜೊತೆ ಚಟ್ನಿಪುಡಿಯಾಗಿ ಬರುವ ಅದೇ ಬೀಜದ ಗಿಡ. ಅದರ ಕಾಂಡದ ನಾರೇ ಲಿನನ್. ಪೂಲ್ ಆಡುವವರು ಐರಿಶ್ ಲಿನನ್ ಅಂತ ಹೇಳುವ ಹಿಡಿಯ ದಾರ ಮೂಲದಲ್ಲಿ ಮೀನು ಹಿಡಿಯುವ ದಾರ. 1938ರಲ್ಲಿ ನೈಲಾನ್ ಬೆಳಕಿಗೆ ಬರುವ ಮೊದಲು ದೊಡ್ಡ ಮೀನಿನ ಗಾಳಕ್ಕೆ ಇದನ್ನೇ ಕಟ್ಟುತ್ತಿದ್ದರು. ಅದಕ್ಕೊಂದು ಕಾರಣ ಇದೆ: ಅಗಸೆ ನಾರು ಒದ್ದೆಯಾದಾಗ ದುರ್ಬಲ ಆಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಬೆವರುವ ಕೈಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ?

ಕ್ಯೂಗೆಂದೇ ಮಾಡಿದ ದಾರ ಹೊರಗಿನಿಂದ ತರಿಸಬೇಕು. ನಾನು ಅವೆನ್ಯೂ ರೋಡ್‌ಗೆ ಹೋದೆ. ಪುಸ್ತಕ ಬೈಂಡ್ ಮಾಡುವವರು ಹೊಲಿಯಲು ಲಿನನ್ ದಾರ ಬಳಸುತ್ತಾರೆ ಅಂತ ಗೊತ್ತಿತ್ತು. ಮೊದಲ ಅಂಗಡಿಯಲ್ಲಿ ಕೊಟ್ಟದ್ದು ಮೇಣ ಹಚ್ಚಿದ ದಾರ. ಅದು ಬೇಡ, ಮೇಣ ಇದ್ದರೆ ಬೆವರು ಹೀರುವುದಿಲ್ಲ. ಎರಡನೇ ಅಂಗಡಿಯಲ್ಲಿ ತೋರಿಸಿದ್ದು ನೋಡಲು ಸರಿಯಾಗಿತ್ತು, ಬಿಳಿಗಂದು ಬಣ್ಣ, ಮೇಣ ಇಲ್ಲ.

“ಇದು ಪ್ಯೂರ್ ಲಿನನ್ನಾ ಯಜಮಾನ್ರೇ?”

“ಹೌದು ಸಾರ್, ನಂಬಿಕೆ ಇಲ್ಲಾಂದ್ರೆ ಸುಟ್ಟು ನೋಡಿ.”

ಅವರೇ ಬೆಂಕಿಪೊಟ್ಟಣ ಮುಂದಿಟ್ಟರು. ಒಂದು ಬೆರಳುದ್ದದ ತುಂಡನ್ನು ಹಚ್ಚಿದೆ. ಕಾಗದದ ಹಾಗೆ ಉರಿದು, ಕಾಗದದ್ದೇ ವಾಸನೆ ಬಂದು, ಬೂದು ಬಣ್ಣದ ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಕಪ್ಪು ಮಣಿಯಾಗುತ್ತಿತ್ತು. ಹೋಲಿಸಲು ಪಕ್ಕದ ಉಂಡೆಯ ಪಾಲಿಯೆಸ್ಟರ್ ದಾರವನ್ನೂ ಅವರೇ ಸುಟ್ಟು ತೋರಿಸಿದರು. ಈ ಪರೀಕ್ಷೆಯಲ್ಲಿ ಹತ್ತಿಯೂ ಹೀಗೇ ಉರಿಯುತ್ತದೆ ಅನ್ನುವುದು ನೆನಪಿರಲಿ. ಹತ್ತಿ ಹೌದಾ ಅಲ್ಲವಾ ಅಂತ ತಿಳಿಯಲು ನಾನು ನೋಡಿದ್ದು ನಾರನ್ನು. ಎಳೆ ಬಿಡಿಸಿದರೆ ಅಗಸೆ ನಾರು ಉದ್ದುದ್ದ, ಹೊಳಪು, ಸ್ವಲ್ಪ ಬಿರುಸು. ಹತ್ತಿಯದು ತುಂಡು ತುಂಡು ಮತ್ತು ಮೆತ್ತಗೆ.

ಎಷ್ಟು ದಾರ ಬೇಕು? ಪೆನ್ಸಿಲ್ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಅಳೆದೆ, 16 ಮಿ.ಮೀ ಬಂತು. ಅಂದರೆ ದಾರದ ದಪ್ಪ 0.8 ಮಿ.ಮೀ. 300 ಮಿ.ಮೀ ಉದ್ದದ ಹಿಡಿಗೆ 375 ಸುತ್ತು. ನಡುಭಾಗದಲ್ಲಿ ಒಂದು ಸುತ್ತಿಗೆ 91 ಮಿ.ಮೀ. ಗುಣಿಸಿದರೆ 34 ಮೀಟರ್. ನಡುವೆ ಗಂಟು ಹಾಕುವಂತಿಲ್ಲ, ಒಂದೇ ಉದ್ದದ ದಾರ ಬೇಕು. 50 ಮೀಟರಿನ ಎರಡು ಉಂಡೆ ತಂದೆ. ಎರಡನೆಯದು ಬೇಕಾಗಲ್ಲ ಅಂದುಕೊಂಡಿದ್ದೆ.

ಬೇಕಾಯಿತು.

ಎರಡನೇ ಭಾನುವಾರ ಮೇಜಿನ ಮೇಲೆ ಎರಡು ಮರದ ತುಂಡುಗಳಲ್ಲಿ ವಿ ಆಕಾರದ ಕಚ್ಚು ಮಾಡಿ, ಕಚ್ಚಿಗೆ ಹಳೇ ಉಣ್ಣೆ ಶಾಲಿನ ತುಂಡು ಅಂಟಿಸಿ, ಅದರ ಮೇಲೆ ಕ್ಯೂ ಮಲಗಿಸಿದೆ. ಎಡಗೈಯಲ್ಲಿ ಕ್ಯೂ ತಿರುಗಿಸುವುದು, ಬಲಗೈಯಲ್ಲಿ ದಾರ ಹಿಡಿಯುವುದು. ತಗ್ಗಿಗೆಲ್ಲ ಒಟ್ಟಿಗೆ ಫೆವಿಕಾಲ್ ಸವರಿದೆ. ಮೂರು ತಪ್ಪು ಒಟ್ಟಿಗೆ ಆದವು. ದಾರವನ್ನು ನೇರವಾಗಿ ಕೊಟ್ಟಿದ್ದರಿಂದ ಹತ್ತು ಹದಿನೈದು ಸುತ್ತಿಗೊಂದು ಸಂದು ಬಿತ್ತು. ನೂರು ಸುತ್ತಿನ ಮೇಲೆ ಬಲಗೈ ಸೋತು ಬಿಗಿತ ಒಂದೊಂದು ಕಡೆ ಒಂದೊಂದು ಥರ ಆಯಿತು. ಸಂದು ಮುಚ್ಚಲು ಉಗುರಿನಿಂದ ತಳ್ಳುತ್ತಾ ಕೂತಾಗ ಮುಂದಿನ ಅಂಟು ಒಣಗಿಬಿಟ್ಟಿತು. 220ನೇ ಸುತ್ತಿಗೆ ನಿಲ್ಲಿಸಿ, ಅಷ್ಟನ್ನೂ ಬಿಚ್ಚಿ, ಮತ್ತೆ ಬೆಚ್ಚಗಿನ ಬಟ್ಟೆ ಸುತ್ತಿ ಅಂಟು ತೆಗೆದೆ. ಅವತ್ತು ರಾತ್ರಿ ಬೇಜಾರಾಗಿ ಕ್ಯೂ ಕಡೆ ನೋಡಲೇ ಇಲ್ಲ.

ದಾರಿ ತೋರಿಸಿದವರು ಹಲಸೂರಿನಲ್ಲಿ ಕ್ರಿಕೆಟ್ ಬ್ಯಾಟ್ ರಿಪೇರಿ ಮಾಡುವ ಒಬ್ಬ ಹಿರಿಯರು. ಬ್ಯಾಟಿನ ಹಿಡಿಗೂ ರಬ್ಬರಿನ ಕೆಳಗೆ ದಾರ ಸುತ್ತಿರುತ್ತಾರೆ, ಅಲ್ವಾ? ನಲವತ್ತು ವರ್ಷದಿಂದ ಅದೇ ಕೆಲಸ ಅವರದು. ಕ್ಯೂ ಎಂದೂ ಮುಟ್ಟಿದವರಲ್ಲ. ಕೈಗೆ ತೆಗೆದುಕೊಂಡು, ತಿರುಗಿಸಿ, “ಇದೇನಪ್ಪ, ಇಷ್ಟು ನಾಜೂಕು” ಅಂದರು. ಆಮೇಲೆ ಒಂದು ಬ್ಯಾಟಿನ ಹಿಡಿಗೆ ಹತ್ತೇ ಸುತ್ತು ಹಾಕಿ ತೋರಿಸಿದರು. ಅವರ ಹೆಬ್ಬೆರಳನ್ನೇ ನೋಡುತ್ತಾ ನಿಂತೆ. ದಾರ ಬರುತ್ತಿದ್ದದ್ದು ನೇರವಾಗಿ ಅಲ್ಲ. ಈಗಾಗಲೇ ಸುತ್ತಿದ ಕಡೆಗೆ ಸ್ವಲ್ಪ ವಾಲಿಕೊಂಡು ಬರುತ್ತಿತ್ತು. ಹಾಗಾಗಿ ಪ್ರತಿ ಹೊಸ ಸುತ್ತು ಹಳೇ ಸುತ್ತಿನ ಪಕ್ಕೆಗೆ ಒತ್ತಿಕೊಂಡು ಟಕ್ ಅಂತ ಕೂರುತ್ತಿತ್ತು. ಸಂದಿಗೆ ಜಾಗವೇ ಇಲ್ಲ. ಹೆಬ್ಬೆರಳ ಉಗುರು ದಾರವನ್ನು ತಳ್ಳುತ್ತಿರಲಿಲ್ಲ, ಸುಮ್ನೆ ಪಕ್ಕದಲ್ಲಿ ಗೋಡೆಯ ಹಾಗೆ ನಿಂತಿತ್ತು.

“ದಾರ ಎಳೀಬೇಡಪ್ಪ. ಹಿಡಿ ತಿರುಗಿಸು, ಅದೇ ದಾರಾನ ಕರ್ಕೊಂಡು ಹೋಗುತ್ತೆ.”

ಕೈ ಸೋಲುವುದಕ್ಕೆ ಮದ್ದು ನಾನೇ ಕಂಡುಕೊಂಡೆ. ದಾರದ ಉಂಡೆಯನ್ನು ಒಂದು ಲೋಟದೊಳಗೆ ಇಟ್ಟು, ದಾರವನ್ನು ಹಳೇ ದಪ್ಪ ನಿಘಂಟಿನ ಹಾಳೆಗಳ ನಡುವೆ ಹಾಯಿಸಿ, ಮೇಲೆ ಒಂದು ಲೀಟರ್ ನೀರಿನ ಬಾಟಲಿ ಇಟ್ಟೆ. ಪುಸ್ತಕದ ಭಾರವೇ ಬಿಗಿತ. ಅದು ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಒಂದೇ ಸಮ. ಬಲಗೈಗೆ ಉಳಿದದ್ದು ದಾರವನ್ನು ವಾಲಿಸುವ ಕೆಲಸ ಮಾತ್ರ.

ಮೂರನೇ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೂತೆ. ಫೋನ್ ಬೇರೆ ಕೋಣೆಯಲ್ಲಿ. ತಗ್ಗಿನ ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿದೆ, ಪಾಲಿಶ್‌ಗೆ ಅಂಟು ತಾಗದಿರಲಿ ಅಂತ. ದಾರದ ಮೊದಲ ಎರಡು ಇಂಚನ್ನು ಕ್ಯೂ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತು ಶುರು ಮಾಡಿದೆ. ತುದಿ ತಾನೇ ಅಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಈ ಸಲ ಅಂಟು ಒಂದೊಂದೇ ಇಂಚಿಗೆ, ಬೆರಳಿನಿಂದ ತೀರಾ ತೆಳುವಾಗಿ. ಜಾಸ್ತಿ ಹಚ್ಚಿದರೆ ದಾರದ ಸಂದಿಯಿಂದ ಉಕ್ಕಿ ಒಣಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಆಮೇಲೆ ಅಲ್ಲಿ ಬೆವರು ಹೀರುವುದಿಲ್ಲ.

ಸುತ್ತಿನ ಲೆಕ್ಕ ಇಡಲು ಹೋಗಲಿಲ್ಲ. ಒಂದೊಂದು ಇಂಚಿಗೆ ನಿಲ್ಲಿಸಿ, ಕಿಟಕಿ ಬೆಳಕಿಗೆ ಹಿಡಿದು, ಸಂದು ಇದೆಯಾ ಅಂತ ನೋಡಿ ಮುಂದುವರಿದೆ. ಹನ್ನೆರಡು ಸುತ್ತು ಬಾಕಿ ಇದ್ದಾಗ ಗಾಳದ ನೈಲಾನ್ ದಾರವನ್ನು ಮಡಚಿ ಕುಣಿಕೆ ಮಾಡಿ, ಕುಣಿಕೆ ಅಂಚಿನ ಕಡೆಗೆ ಇರುವಂತೆ ಕ್ಯೂ ಮೇಲೆ ಇಟ್ಟೆ. ಅದರ ಮೇಲೆ ಉಳಿದ ಹನ್ನೆರಡು ಸುತ್ತು. ಅಂಚು ಮುಟ್ಟಿದ ಮೇಲೆ ದಾರ ಕತ್ತರಿಸಿ, ತುದಿಯನ್ನು ಕುಣಿಕೆಗೆ ತೂರಿಸಿ, ಕುಣಿಕೆಯ ಬಾಲ ಹಿಡಿದು ಎಳೆದರೆ ತುದಿ ಸುತ್ತುಗಳ ಅಡಿಗೆ ನುಸುಳಿ ಇನ್ನೊಂದು ಕಡೆ ಹೊರಬರುತ್ತದೆ. ಆ ಎಳೆತಕ್ಕೆ ಒಳ್ಳೆಯ ಶಕ್ತಿ ಬೇಕು. ಎಳೆಯುವಾಗ ಇನ್ನೊಂದು ಕೈಯಿಂದ ಸುತ್ತುಗಳನ್ನು ಅದುಮಿ ಹಿಡಿಯಿರಿ, ಇಲ್ಲದಿದ್ದರೆ ಅವು ಸರಿದು ಗುಂಪಾಗುತ್ತವೆ. ಹೊರಬಂದ ತುದಿಯನ್ನು ಬಿಗಿಯಾಗಿ ಎಳೆದು ಬುಡಕ್ಕೇ ಕತ್ತರಿಸಿದೆ. ಅದು ಸುತ್ತಿನೊಳಗೆ ಮಾಯ ಆಯಿತು. ಗಂಟೆ ಹತ್ತೂವರೆ.

ಆದರೆ ದಾರ 0.8 ಮಿ.ಮೀ, ತಗ್ಗು 0.65. ಕೈ ಆಡಿಸಿದರೆ ಅಂಚಲ್ಲಿ ದಾರ ಎತ್ತರ, ಮೈಯೆಲ್ಲ ಗೀರು ಗೀರು. ಇದನ್ನು ಒತ್ತಿ ಚಪ್ಪಟೆ ಮಾಡಬೇಕು. ಸೀರೆಗೆ ಗಂಜಿ ಹಾಕುವ ಮನೆಯಲ್ಲಿ ಬೆಳೆದವನಿಗೆ ಇದು ಹೊಸದಲ್ಲ. ಮಾಪ್ ಕೋಲಿನ ಮೇಲೆ ಮೊದಲೇ ನೋಡಿಕೊಂಡಿದ್ದೆ: ದಪ್ಪ ಗಂಜಿ ಹಾಕಿದರೆ ಒಣಗಿದಾಗ ಬಲು ನುಣುಪು, ಉಪ್ಪು ನೀರು ತಾಗಿದರೆ ಅಂಟಂಟು. ಹಾಗಾಗಿ ಒಂದು ಲೋಟ ನೀರಿಗೆ ಒಂದೇ ಚಮಚ ಅನ್ನದ ಗಂಜಿ, ಬಟ್ಟೆಯಲ್ಲಿ ಸೋಸಿದ್ದು. ಅದನ್ನು ಬೆರಳಲ್ಲಿ ಸವರಿ ದಾರ ಬರೀ ತೇವ ಆಗುವಷ್ಟು ಮಾಡಿದೆ. ಆಮೇಲೆ ನುಣುಪಾದ ಗಾಜಿನ ಬಾಟಲಿ ಅಡ್ಡ ಹಿಡಿದು, ಮೈಭಾರ ಹಾಕಿ, ಕ್ಯೂ ತಿರುಗಿಸುತ್ತಾ ಉಜ್ಜಿದೆ. ಸುತ್ತಿದ ದಿಕ್ಕಿಗೇ ಉಜ್ಜಬೇಕು. ಹತ್ತು ನಿಮಿಷದಲ್ಲಿ ದಾರದ ದುಂಡು ಹೋಗಿ ಹೊಳಪು ಬರತೊಡಗಿತು. ಒಣಗಲು ಬಿಟ್ಟು, ಸಂಜೆ ಇನ್ನೊಂದು ಸಲ. ವರ್ನಿಯರ್ ಹಿಡಿದರೆ ದಾರದ ದಪ್ಪ 0.68. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಮರ ಎಲ್ಲಿ ಮುಗಿಯಿತು, ದಾರ ಎಲ್ಲಿ ಶುರುವಾಯಿತು ಅಂತ ಹುಡುಕಬೇಕಾಯಿತು. ತಂಗಿಯ ಕೈಗೆ ಕೊಟ್ಟೆ. ಈ ಸಲ ಮುಖ ಸಿಂಡರಿಸಲಿಲ್ಲ.

ಕ್ಯೂ ತೂಕ ಹಳೆಯದಕ್ಕಿಂತ 2 ಗ್ರಾಂ ಜಾಸ್ತಿ. ಸಮತೋಲದ ಬಿಂದು ಇದ್ದಲ್ಲೇ ಇದೆ.

ಬುಧವಾರ ಮೊದಲ ಸಲ ಆಡಿದೆ. ಹೊರಗೆ ಜೋರು ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಮೊದಲ ಅರ್ಧ ಗಂಟೆ ಹಿಡಿ ಬಿರುಸು ಅನ್ನಿಸಿತು, ಹೊಸ ಚಪ್ಪಲಿಯ ಹಾಗೆ. ಎರಡನೇ ರ‍್ಯಾಕ್ (ಬಾಲ್ ಜೋಡಿಸಿ ಆಡುವ ಒಂದು ಆಟ) ಬ್ರೇಕ್, ಅಂದರೆ ಮೊದಲ ಹೊಡೆತ, ಹೊಡೆದ ಮೇಲೆ ಹಿಡಿಯನ್ನು ಮರೆತೇ ಹೋದೆ. ಆರನೇ ರ‍್ಯಾಕ್‌ನಲ್ಲಿ ಒಂದು ಉದ್ದದ ಶಾಟ್ ಇತ್ತು, ಬಿಳಿ ಬಾಲ್ ಈ ತುದಿಯಲ್ಲಿ, ಒಂಬತ್ತನೇ ನಂಬರಿನ ಬಾಲ್ ಆ ಮೂಲೆ ಪಾಕೆಟ್ ಬಾಯಿಂದ ಎರಡು ಅಡಿ ಈಚೆ. ಬಗ್ಗಿ ನಿಂತಾಗ ಅಂಗೈ ಒದ್ದೆ ಇತ್ತು. ಮೊದಲಾಗಿದ್ದರೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ. ಕಿರುಬೆರಳು ಹಿಡಿಯಿಂದ ಬಿಟ್ಟೇ ಇತ್ತು, ಉಂಗುರ ಬೆರಳು ಬರೀ ತಾಗಿತ್ತು. ಬಾಲ್ ಪಾಕೆಟ್‌ನ ನಡುಮಧ್ಯಕ್ಕೆ ಬಿತ್ತು.

ಈಗ ಐದು ವಾರ ಆಗಿದೆ. ಕೈ ಹಿಡಿಯುವ ಜಾಗ ಸ್ವಲ್ಪ ಕಪ್ಪಾಗಿದೆ, ಅದು ನನಗೆ ಇಷ್ಟ. ಹಿಂತುದಿಯಲ್ಲಿ ನಾಲ್ಕೈದು ಸುತ್ತಿನ ನವಿರು ಎದ್ದಿತ್ತು. ಒದ್ದೆ ಬೆರಳು ಸವರಿ ಬಾಟಲಿಯಿಂದ ಎರಡು ನಿಮಿಷ ಉಜ್ಜಿದೆ, ಕೂತುಬಿಟ್ಟಿತು. ಈ ಸಲ ಕಟ್ಟರ್ ಹತ್ತಿರಕ್ಕೂ ಹೋಗಲಿಲ್ಲ.

ಮುಂದಿನ ಭಾನುವಾರ ತಂಗಿಯ ಕ್ಯೂ. ಅವಳಿಗೆ ಮೇಕೆ ಚರ್ಮವೇ, ಅದರಲ್ಲಿ ಎರಡು ಮಾತಿಲ್ಲ. ಅವಳ ಹಿಡಿಯ ತಗ್ಗಿನ ಅಳತೆಯೂ ಹೆಚ್ಚುಕಡಿಮೆ ನನ್ನದರಷ್ಟೇ. ಹಾಗಾಗಿ ಚರ್ಮವನ್ನು ಚೌಕವಾಗಿ ಕತ್ತರಿಸುವಂತಿಲ್ಲ. ಒಂದು ತುದಿ 87 ಮಿ.ಮೀ, ಇನ್ನೊಂದು 95, ನಡುವೆ 30 ಸೆಂ.ಮೀ ಉದ್ದದ ಓರೆ. ಒದ್ದೆ ಮಾಡಿದಾಗ ಚರ್ಮ ಹಿಗ್ಗುತ್ತದೆ, ಅದಕ್ಕೆ ಎರಡೂ ಅಳತೆಯಲ್ಲಿ 2 ಮಿ.ಮೀ ಕಡಿಮೆ ಕತ್ತರಿಸಬೇಕು. ಅಂಟಿನ ವಿಷಯದಲ್ಲಿ ಇನ್ನೂ ಮನಸ್ಸು ಆ ಕಡೆ ಈ ಕಡೆ ಇದೆ. ಚಪ್ಪಲಿ ಹೊಲಿಯುವವರ ಸೊಲ್ಯೂಷನ್ ತಕ್ಷಣ ಕಚ್ಚಿಕೊಳ್ಳುತ್ತದೆ, ಒಂದು ಸಲ ಓರೆಯಾಗಿ ಕೂತರೆ ಮತ್ತೆ ಸರಿಸಲು ಆಗಲ್ಲ. ಬಿಳಿ ಫೆವಿಕಾಲ್ ಆದರೆ ಜೋಡಣೆಯ ಗೆರೆ ನೇರ ಮಾಡಲು ಐದು ನಿಮಿಷ ಸಮಯ ಕೊಡುತ್ತದೆ. ಮಾಪ್ ಕೋಲಿನಲ್ಲಿ ಇನ್ನೂ ಒಂದು ಗೇಣು ಜಾಗ ಉಳಿದಿದೆ, ಎರಡನ್ನೂ ಅಲ್ಲಿ ಅಂಟಿಸಿ ನೋಡುತ್ತೇನೆ. ಚರ್ಮ ಸದ್ಯಕ್ಕೆ ನನ್ನ ಹಾಸಿಗೆ ಕೆಳಗಿದೆ, ಮಡಿಕೆ ಹೋಗಲಿ ಅಂತ.